ಲ್ಯಾಪ್‌ಟಾಪಿಗೆ ಸಿಕ್ಕ ಫೋಲ್ಡರ್ ಇನ್‌ಸ್ಟಾಲರ್‌ಗೆ ಯಾಕೆ ಸಿಗಲಿಲ್ಲ: ಬಳ್ಳಾರಿಯ ಒಂದು ಎನ್‌ಎಫ್‌ಎಸ್ ಪ್ರಕರಣ

ಬಳ್ಳಾರಿ ಊರ ಹೊರಗಿನ ಒಂದು ಲೋಹದ ಕಾರ್ಖಾನೆ. ಅದಿರಿನ ಲಾರಿಗಳ ವೇಬ್ರಿಜ್ ಲೆಕ್ಕ, ಗೇಟ್ ಪಾಸು, ಉತ್ಪಾದನೆಯ ದಾಖಲೆ ಇವುಗಳಿಗಾಗಿ 12 ರ‍್ಯಾಕ್ ಸರ್ವರ್‌ಗಳು ಬಂದಿದ್ದವು. ಒಂದೊಂದಕ್ಕೂ ಪೆನ್‌ಡ್ರೈವ್ ಹಚ್ಚಿ ಕೂರುವ ಬದಲು ಪಿಎಕ್ಸ್‌ಇ ಮೂಲಕ ನೆಟ್‌ವರ್ಕಿನಿಂದ ಬೂಟ್ ಮಾಡಿ, ಕಿಕ್‌ಸ್ಟಾರ್ಟ್ ಫೈಲಿನಿಂದ (ಇನ್‌ಸ್ಟಾಲರ್ ಕೇಳುವುದಕ್ಕೆಲ್ಲ ಮೊದಲೇ ಉತ್ತರ ಬರೆದಿಟ್ಟ ಫೈಲು) ತಾನೇ ಇನ್‌ಸ್ಟಾಲ್ ಆಗುವ ವ್ಯವಸ್ಥೆ ಅಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ನಡೆಸುತ್ತಿದ್ದ ಇನ್‌ಸ್ಟಾಲ್ ಸರ್ವರ್‌ನಲ್ಲಿದ್ದದ್ದು ಸೆಂಟ್‌ಒಎಸ್ 7 ಎಂಬ ಲಿನಕ್ಸ್. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದ್ದರಿಂದ ಅಲ್ಮಾಲಿನಕ್ಸ್ 9 ಇರುವ ಹೊಸ ಯಂತ್ರ ಅದರ ಜಾಗಕ್ಕೆ ಬಂತು. ವಿಳಾಸ ಕೊಡುವ ಡಿಎಚ್‌ಸಿಪಿ, ಬೂಟ್ ಫೈಲು ಕಳಿಸುವ ಟಿಎಫ್‌ಟಿಪಿ, ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಮೂರರ ಸಂರಚನೆಯನ್ನೂ ಹಳೆಯದರಿಂದ ನಕಲು ಮಾಡಿ, ಹೆಸರು ಮತ್ತು ವಿಳಾಸ ಬದಲಿಸಿ ಕೂರಿಸಲಾಗಿತ್ತು.

ಆಮೇಲೆ ಒಂದು ಸರ್ವರ್ ಕೂಡ ಇನ್‌ಸ್ಟಾಲ್ ಆಗಲಿಲ್ಲ. ಪಿಎಕ್ಸ್‌ಇ ಮೆನು ಬರುತ್ತದೆ, ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಇನಿಟ್‌ಆರ್‌ಡಿ (ಬೂಟ್‌ನ ಮೊದಲ ಹಂತದ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಳಿಯುತ್ತವೆ, ಅಕ್ಷರಗಳು ಓಡುತ್ತವೆ. ಕೆಲವು ನಿಮಿಷದ ನಂತರ ಇನಿಟ್‌ಆರ್‌ಡಿಯನ್ನು ನಡೆಸುವ ಡ್ರಾಕಟ್ ಸಾಲು ಸಾಲಾಗಿ ಟೈಮ್‌ಔಟ್ ಎಚ್ಚರಿಕೆ ಕೊಟ್ಟು, ಕೊನೆಗೆ "/ಡೆವ್/ರೂಟ್ ಅಸ್ತಿತ್ವದಲ್ಲಿಲ್ಲ" ಎಂದು ಹೇಳಿ ತುರ್ತು ಶೆಲ್‌ಗೆ (ಆದೇಶ ಟೈಪ್ ಮಾಡುವ ಪರದೆಗೆ) ಬಿದ್ದುಬಿಡುತ್ತದೆ. ಹನ್ನೆರಡರಲ್ಲೂ ಇದೇ ಪರದೆ.

ಇನ್‌ಸ್ಟಾಲ್ ಸರ್ವರಿನ ವಿಳಾಸ 192.168.50.10. ಹಂಚಿದ ಫೋಲ್ಡರ್ /ಎಸ್‌ಆರ್‌ವಿ/ಇನ್‌ಸ್ಟಾಲ್, ಅದರೊಳಗೆ ಅಲ್ಮಾ9 ಎಂಬ ಉಪಫೋಲ್ಡರ್. ಆದೇಶಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರವೇ ಬೇಕು.

ದಾರಿ ತಪ್ಪಿಸಿದ ಪರೀಕ್ಷೆ

ಅಲ್ಲಿನ ಸಿಬ್ಬಂದಿ ಮಾಡಿದ ಮೊದಲ ಪರೀಕ್ಷೆ ಎಲ್ಲರೂ ಮಾಡುವಂಥದ್ದೇ. ಉಬುಂಟು ಲ್ಯಾಪ್‌ಟಾಪನ್ನು ಅದೇ ಸ್ವಿಚ್ಚಿಗೆ ಹಚ್ಚಿ /ಎಸ್‌ಆರ್‌ವಿ/ಇನ್‌ಸ್ಟಾಲ್ ಅನ್ನು ಮೌಂಟ್ ಮಾಡಿ, ಅಂದರೆ ತಮ್ಮ ಯಂತ್ರಕ್ಕೆ ಜೋಡಿಸಿ, ನೋಡಿದರು. ತಕ್ಷಣ ಆಯಿತು, ಒಳಗೆ ಅಲ್ಮಾ9 ಎಂಬ ಹೆಸರೂ ಕಂಡಿತು. "ಲ್ಯಾಪ್‌ಟಾಪಿನ್ಯಾಗ ಮೌಂಟ್ ಆಗ್ತದಲ್ರೀ ಸರ, ಎನ್‌ಎಫ್‌ಎಸ್‌ದಾಗ ಏನೂ ತೊಂದ್ರಿ ಇಲ್ಲ" ಎಂಬ ತೀರ್ಮಾನ ಅಲ್ಲೇ ಆಗಿಹೋಯಿತು. ಸಂಶಯ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಮೇಲೆ ಹೋಯಿತು, ಅಲ್ಲಿಂದ ಸ್ವಿಚ್ಚಿನ ಮೇಲೆ, ಆಮೇಲೆ ಎಸ್‌ಇಲಿನಕ್ಸ್ ಎಂಬ ಲಿನಕ್ಸಿನ ಭದ್ರತಾ ವ್ಯವಸ್ಥೆಯ ಮೇಲೆ. ಎಸ್‌ಇಲಿನಕ್ಸನ್ನು ಸುಮ್ಮನಾಗಿಸಿಯೂ ನೋಡಿದರು. ಏನೂ ಬದಲಾಗಲಿಲ್ಲ, ಬದಲಾಗುವ ಕಾರಣವೂ ಇರಲಿಲ್ಲ: ಎನ್‌ಎಫ್‌ಎಸ್ ಮೂಲಕ ಓದಲು ಮಾತ್ರ ಹಂಚುವುದಕ್ಕೆ ಅದರ ಮೂಲ ನೀತಿಯಲ್ಲೇ ಅನುಮತಿ ಇರುತ್ತದೆ. ಆಡಿಟ್ ದಾಖಲೆಯಲ್ಲಿ ನಿರಾಕರಣೆಯ ಒಂದು ಸಾಲೂ ಇಲ್ಲದಿರುವಾಗ ಅದನ್ನು ಮುಟ್ಟುವುದು ಬರೀ ಅಭ್ಯಾಸಬಲ.

ಆ ಲ್ಯಾಪ್‌ಟಾಪ್ ಪರೀಕ್ಷೆ ಎರಡು ಕಾರಣಕ್ಕೆ ಸುಳ್ಳು ಹೇಳಿತು. ಒಂದು, ಈಗಿನ ಲಿನಕ್ಸ್ ಯಂತ್ರ ಎನ್‌ಎಫ್‌ಎಸ್ 4.2ರಿಂದ ಶುರು ಮಾಡಿ ಕೆಳಗಿಳಿಯುತ್ತಾ ಕೇಳುತ್ತದೆ. ಇನ್‌ಸ್ಟಾಲರ್ ಹಾಗಲ್ಲ, ಆವೃತ್ತಿ ಹೇಳದೆ ಎನ್‌ಎಫ್‌ಎಸ್ ಮೂಲ ಕೊಟ್ಟರೆ ನೇರವಾಗಿ 3ನೇ ಆವೃತ್ತಿಯನ್ನೇ ಹಿಡಿಯುತ್ತದೆ. ಎರಡು, ಲ್ಯಾಪ್‌ಟಾಪಿನಲ್ಲಿ ತೆರೆದದ್ದು ಮೇಲಿನ ಫೋಲ್ಡರ್, ಇನ್‌ಸ್ಟಾಲರ್‌ಗೆ ಬೇಕಾದದ್ದು ಅದರೊಳಗಿನದು. ಮುಂದೆ ಸಿಕ್ಕ ಮುಖ್ಯ ದೋಷಗಳೆರಡೂ ಈ ಎರಡು ವ್ಯತ್ಯಾಸಗಳಲ್ಲೇ ಅಡಗಿದ್ದವು.

ಪರೀಕ್ಷೆ ನಡೆಯಬೇಕಾದ ಜಾಗ ಡ್ರಾಕಟ್‌ನ ತುರ್ತು ಶೆಲ್. ಅದನ್ನು ಕಂಡೊಡನೆ ಪವರ್ ಬಟನ್ ಒತ್ತುವವರೇ ಹೆಚ್ಚು. ಆದರೆ ಇನ್‌ಸ್ಟಾಲರ್ ಬಳಸುವ ಕರ್ನಲ್, ಅದೇ ಕಾರ್ಡು, ಅದೇ ಕೇಬಲ್, ಅದೇ ಮೌಂಟ್ ಆದೇಶ ಎಲ್ಲವೂ ಇರುವ ಜಾಗ ಅದೊಂದೇ. ಬೂಟ್ ಆಗುವವರೆಗಿನ ಪೂರ್ತಿ ದಾಖಲೆಯೂ /ರನ್/ಇನಿಟ್‌ರಾಮ್‌ಎಫ್‌ಎಸ್ ಒಳಗೆ ಆರ್‌ಡಿಎಸ್‌ಒಎಸ್‌ರಿಪೋರ್ಟ್ ಎಂಬ ಪಠ್ಯ ಫೈಲಾಗಿ ಸಿಗುತ್ತದೆ.

ಒಂದೇ ಸಂದೇಶ, ಬೇರೆ ಬೇರೆ ಕಾರಣ

"/ಡೆವ್/ರೂಟ್ ಇಲ್ಲ" ಎಂಬುದಕ್ಕೆ ಡಿಸ್ಕ್ ಹಾಳಾಗಿದೆ ಎಂಬ ಅರ್ಥವಿಲ್ಲ. ಇನ್‌ಸ್ಟಾಲರಿನ ಎರಡನೇ ಹಂತದ ಚಿತ್ರ, ಅಂದರೆ ಇಮೇಜಸ್ ಫೋಲ್ಡರಿನ ಇನ್‌ಸ್ಟಾಲ್.ಇಮ್ಗ್, ಕೈಗೆ ಸಿಗಲಿಲ್ಲ ಎಂದಷ್ಟೇ. ಯಾಕೆ ಸಿಗಲಿಲ್ಲ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಹಾಗಾಗಿ ಶೆಲ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು, ಇದೇ ಕ್ರಮದಲ್ಲಿ: ಕರ್ನಲ್‌ಗೆ ಯಾವ ಸಾಲು ತಲುಪಿದೆ, ವಿಳಾಸ ಬಂದಿದೆಯೇ, ಕೈಯಾರೆ ಮೌಂಟ್ ಮಾಡಿದರೆ ಏನಾಗುತ್ತದೆ.

ಮೊದಲನೆಯದಕ್ಕೆ /ಪ್ರಾಕ್/ಸಿಎಂಡಿಲೈನ್ ಓದಿದರೆ ಸಾಕು. ಹಳೆಯ ಮೆನುವಿನಿಂದ ಬಂದ ಸಾಲಿನಲ್ಲಿ ಕೆಎಸ್= ಮತ್ತು ರೆಪೊ= ಎಂದಷ್ಟೇ ಇತ್ತು. 7ನೇ ಆವೃತ್ತಿ ಇದನ್ನು ಸಹಿಸಿಕೊಳ್ಳುತ್ತಿತ್ತು. 9ರಲ್ಲಿ ಮುಂದೆ ಇನ್‌ಸ್ಟ್. ಎಂಬ ಪೂರ್ವಪದ ಇಲ್ಲದ ಆಯ್ಕೆಗಳಿಗೆ ಬೆಲೆಯೇ ಇಲ್ಲ. ಎರಡನ್ನೂ ಇನ್‌ಸ್ಟ್.ಕೆಎಸ್= ಮತ್ತು ಇನ್‌ಸ್ಟ್.ರೆಪೊ= ಎಂದು ತಿದ್ದಲಾಯಿತು. ಕಿಕ್‌ಸ್ಟಾರ್ಟ್ ಫೈಲು ಎಚ್‌ಟಿಟಿಪಿ ಮೂಲಕ ಬರುತ್ತಿದ್ದುದರಿಂದ ಅದಕ್ಕೆ ಬೇರೇನೂ ಬೇಕಾಗಲಿಲ್ಲ.

ತಿದ್ದಿದ ಮೇಲೂ ಹನ್ನೆರಡರಲ್ಲಿ ಅದೇ ಕೊನೆಯ ಸಾಲು. ಆದರೆ ಈಗ ಶೆಲ್ ಒಳಗಿನ ಚಿತ್ರ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಎಂಟು ಸರ್ವರ್‌ಗಳಲ್ಲಿ ಐಪಿ ವಿಳಾಸ ಇತ್ತು, ನಾಲ್ಕರಲ್ಲಿ ಇರಲಿಲ್ಲ.

ವಿಳಾಸವಿಲ್ಲದ ನಾಲ್ಕರ ಕಥೆ ಬೇಗ ಮುಗಿಯಿತು. ಕರ್ನಲ್ ಸಾಲಿನಲ್ಲಿ ಐಪಿ=ಇಎನ್‌ಒ1:ಡಿಎಚ್‌ಸಿಪಿ ಎಂದಿತ್ತು. ಎಂಟರಲ್ಲಿ ಮದರ್‌ಬೋರ್ಡಿನ ಪೋರ್ಟ್ ಬಳಕೆಯಲ್ಲಿತ್ತು, ಅದರ ಹೆಸರು ಇಎನ್‌ಒ1. ಈ ನಾಲ್ಕರಲ್ಲಿ ಕೇಬಲ್ ಇದ್ದದ್ದು ಪ್ರತ್ಯೇಕವಾಗಿ ಸಿಕ್ಕಿಸಿದ ಕಾರ್ಡಿಗೆ, ಅದರ ಹೆಸರು ಇಎನ್‌ಎಸ್1ಎಫ್0. ಪಿಎಕ್ಸ್‌ಇ ಹಂತದಲ್ಲಿ ಫರ್ಮ್‌ವೇರ್‌ಗೆ ಲಿನಕ್ಸಿನ ಹೆಸರುಗಳ ಗೊಡವೆ ಇಲ್ಲ, ಆದ್ದರಿಂದ ಕರ್ನಲ್ ಸರಾಗವಾಗಿ ಇಳಿಯಿತು. ಲಿನಕ್ಸ್ ಎದ್ದ ಮೇಲೆ ಕೇಬಲ್ ಇಲ್ಲದ ಪೋರ್ಟಿನಲ್ಲಿ ವಿಳಾಸಕ್ಕಾಗಿ ಕಾಯುತ್ತಾ ಕುಳಿತಿತು. ಹೆಸರು ತೆಗೆದು ಬರೀ ಐಪಿ=ಡಿಎಚ್‌ಸಿಪಿ ಎಂದು ಮಾಡಿ, ಪಿಎಕ್ಸ್‌ಲಿನಕ್ಸ್ (ನೆಟ್‌ವರ್ಕಿನಿಂದ ಬೂಟ್ ಮಾಡಿಸುವ ಲೋಡರ್) ಮೆನುವಿನ ಆ ನಮೂದಿಗೆ ಐಪಿಅಪೆಂಡ್ 2 ಎಂಬ ಸಾಲು ಸೇರಿಸಿದರೆ, ಬೂಟ್ ಆದ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನದೇ ಗುರುತು ಸಂಖ್ಯೆ) ಬೂಟ್‌ಐಎಫ್= ಎಂದು ಕರ್ನಲ್‌ಗೆ ತಲುಪುತ್ತದೆ. ಯಾವ ಕಾರ್ಡಿನಿಂದ ಬೂಟ್ ಆಯಿತೋ ಅದರಲ್ಲೇ ನೆಟ್‌ವರ್ಕ್ ಏಳುತ್ತದೆ. ಇದನ್ನು ಬಿಟ್ಟು ಐಪಿ=ಡಿಎಚ್‌ಸಿಪಿ ಮಾತ್ರ ಹಾಕುವುದು ಇಂಥ ಕಡೆ ಅಪಾಯ. ಎರಡನೇ ಪೋರ್ಟ್ ಆಫೀಸಿನ ನೆಟ್‌ವರ್ಕಿಗೆ ಹೋಗಿದ್ದರೆ ಅಲ್ಲಿನ ಡಿಎಚ್‌ಸಿಪಿಯೂ ಒಂದು ವಿಳಾಸ, ಒಂದು ಗೇಟ್‌ವೇ ಕೊಟ್ಟು ಗೊಂದಲ ಮಾಡುತ್ತದೆ.

ಇಂಥ ಸಂದರ್ಭದಲ್ಲಿ ಸ್ವಿಚ್ಚುಗಳ ನಡುವೆ ಸುತ್ತು ಬೀಳದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯನ್ನೂ ನೋಡಿಬಿಡುವುದು ಒಳ್ಳೆಯದು. ಹಳೆಯ ರೀತಿಯ ಸ್ಪ್ಯಾನಿಂಗ್ ಟ್ರೀಯಲ್ಲಿ ಪೋರ್ಟ್ ಮೇಲೆದ್ದಾಗ ಕೇಳುವುದಕ್ಕೆ 15, ಕಲಿಯುವುದಕ್ಕೆ 15, ಒಟ್ಟು 30 ಸೆಕೆಂಡು ಏನೂ ದಾಟುವುದಿಲ್ಲ. ಫರ್ಮ್‌ವೇರಿನಿಂದ ಕರ್ನಲ್‌ಗೆ ಕಾರ್ಡ್ ಹಸ್ತಾಂತರವಾದಾಗ ಲಿಂಕ್ ಒಮ್ಮೆ ಬಿದ್ದು ಏಳುವುದರಿಂದ ಆ ಕಾಯುವಿಕೆ ಮತ್ತೆ ಮೊದಲಿನಿಂದ. ಸರ್ವರ್ ಹಚ್ಚುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಕಾಯದೆ ತಕ್ಷಣ ತೆರೆಯುವ ಪೋರ್ಟ್) ಮಾಡಿದ್ದರೆ ಈ ತಕರಾರಿಲ್ಲ. ಇಲ್ಲಿ ಮಾಡಿದ್ದರು.

"ದಾರಿ ಇಲ್ಲ" ಅಂದರೆ ಬಾಗಿಲು ಮುಚ್ಚಿದೆ

ಈಗ ಹನ್ನೆರಡಕ್ಕೂ ವಿಳಾಸ ಬಂತು, ಆದರೂ ಎರಡನೇ ಹಂತ ಸಿಗಲಿಲ್ಲ. ಶೆಲ್‌ನಲ್ಲಿ ಇನ್‌ಸ್ಟಾಲರ್ ಮಾಡುವುದನ್ನೇ ಕೈಯಾರೆ ಮಾಡಲಾಯಿತು. ಒಂದು ಖಾಲಿ ಫೋಲ್ಡರ್ ಸೃಷ್ಟಿಸಿ:

ಮೌಂಟ್ -ಟಿ ಎನ್‌ಎಫ್‌ಎಸ್ -ಒ ಎನ್‌ಎಫ್‌ಎಸ್‌ವರ್ಸ್=3,ನೋಲಾಕ್ 192.168.50.10:/ಎಸ್‌ಆರ್‌ವಿ/ಇನ್‌ಸ್ಟಾಲ್/ಅಲ್ಮಾ9 /ಟಿಎಂಪಿ/ಎಂ

ಸುಮಾರು ಎರಡು ನಿಮಿಷ ಸುಮ್ಮನಿದ್ದು "ನೋ ರೂಟ್ ಟು ಹೋಸ್ಟ್" ಎಂದಿತು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ಮೌಂಟ್ ಮಾತ್ರ ದಾರಿಯೇ ಇಲ್ಲ ಎನ್ನುತ್ತದೆ. ರೂಟಿಂಗ್ ಟೇಬಲ್ ಕೆದಕಲು ಹೊರಡಿಸುವ ಸಂದೇಶ ಇದು. ಇನ್‌ಸ್ಟಾಲ್ ಸರ್ವರಿನಲ್ಲಿ ಟಿಸಿಪಿಡಂಪ್ (ಓಡಾಡುವ ಪ್ಯಾಕೆಟ್ ತೋರಿಸುವ ಸಲಕರಣೆ) ಹಾಕಿ ನೋಡಿದಾಗ ವಿಷಯ ಬಯಲಾಯಿತು: ಕ್ಲೈಂಟ್ (ಫೋಲ್ಡರ್ ಕೇಳುವ ಯಂತ್ರ) 111ನೇ ಪೋರ್ಟಿಗೆ ಬಡಿಯುತ್ತಿದೆ, ಸರ್ವರ್ "ಆಡಳಿತಾತ್ಮಕವಾಗಿ ನಿಷೇಧ" ಎಂಬ ಐಸಿಎಂಪಿ ಉತ್ತರ ಕಳಿಸುತ್ತಿದೆ. ಲಿನಕ್ಸಿನ ಫೈರ್‌ವಾಲ್ ಸೇವೆಯಾದ ಫೈರ್‌ವಾಲ್‌ಡಿ ಪ್ಯಾಕೆಟ್ ತಿರಸ್ಕರಿಸುವ ರೀತಿಯೇ ಅದು, ಆ ಉತ್ತರವನ್ನು ಕ್ಲೈಂಟಿನ ಕರ್ನಲ್ "ದಾರಿ ಇಲ್ಲ" ಎಂದು ಅನುವಾದಿಸಿಕೊಳ್ಳುತ್ತದೆ. ಮೌಂಟ್ ಆದೇಶ ಅದನ್ನು ತಾತ್ಕಾಲಿಕ ತೊಂದರೆ ಎಂದು ಎಣಿಸಿ ಎರಡು ನಿಮಿಷದವರೆಗೆ ಮತ್ತೆ ಮತ್ತೆ ಯತ್ನಿಸುತ್ತದೆ, ವಿಳಂಬದ ಗುಟ್ಟು ಅದು.

ಹಳೆಯ ಯಂತ್ರದಲ್ಲಿ ಫೈರ್‌ವಾಲ್ ಆರಿಸಿಟ್ಟಿದ್ದರು. ಹೊಸದರಲ್ಲಿ ಅದು ಚಾಲೂ, ಮತ್ತು ಅದಕ್ಕೆ ಸೇರಿಸಿದ್ದು ಎನ್‌ಎಫ್‌ಎಸ್ ಎಂಬ ಒಂದೇ ಸೇವೆ. ಆ ಹೆಸರಿನ ಸೇವೆ ತೆರೆಯುವುದು ಟಿಸಿಪಿ 2049 ಮಾತ್ರ. 4ನೇ ಆವೃತ್ತಿಗೆ ಅಷ್ಟು ಸಾಕು, ಲ್ಯಾಪ್‌ಟಾಪ್ ಒಳಹೊಕ್ಕದ್ದು ಆ ಬಾಗಿಲಿನಿಂದ. 3ನೇ ಆವೃತ್ತಿ ಮೊದಲು 111ರಲ್ಲಿ, ಯಾವ ಸೇವೆ ಯಾವ ಪೋರ್ಟಿನಲ್ಲಿದೆ ಎಂದು ಹೇಳುವ ಆರ್‌ಪಿಸಿಬೈಂಡನ್ನು ವಿಚಾರಿಸುತ್ತದೆ, ಅದು ಹೇಳಿದಂತೆ 20048ರಲ್ಲಿ ಮೌಂಟ್‌ಡಿಯಿಂದ ಒಪ್ಪಿಗೆ ಪಡೆಯುತ್ತದೆ, ಆಮೇಲೆ 2049ಕ್ಕೆ ಹೋಗುತ್ತದೆ. ಮೂರರಲ್ಲಿ ಒಂದು ಮುಚ್ಚಿದ್ದರೂ ಕೆಲಸ ಆಗುವುದಿಲ್ಲ. ಇದೇ ಕಾರಣಕ್ಕೆ ಹಂಚಿಕೆಗಳ ಪಟ್ಟಿ ಕೇಳುವ ಶೋಮೌಂಟ್ -ಇ ಆದೇಶವೂ ಇಲ್ಲಿ ಸೋಲುತ್ತಿತ್ತು. ಅದನ್ನು ಯಾರಾದರೂ ಲ್ಯಾಪ್‌ಟಾಪಿನಿಂದ ಕೊಟ್ಟಿದ್ದರೆ ಅರ್ಧ ತನಿಖೆ ಅಲ್ಲಿಗೇ ಮುಗಿಯುತ್ತಿತ್ತು.

ದಾರಿ ಎರಡಿವೆ. ಫೈರ್‌ವಾಲ್‌ನಲ್ಲಿ ಆರ್‌ಪಿಸಿ-ಬೈಂಡ್ ಮತ್ತು ಮೌಂಟ್‌ಡಿ ಸೇವೆಗಳನ್ನೂ ಸೇರಿಸುವುದು, ಇಲ್ಲವೇ ಇನ್‌ಸ್ಟಾಲರ್‌ಗೆ 4ನೇ ಆವೃತ್ತಿ ಬಳಸು ಎಂದು ಹೇಳುವುದು. ಎರಡನೆಯದೇ ಉತ್ತಮ ಎಂಬುದು ಈ ಲೇಖನದ ನಿಲುವು. ಒಂದೇ ಪೋರ್ಟ್, ಲಾಕಿಂಗ್‌ಗೆ ಬೇರೆ ಸೇವೆ ಬೇಡ, ಮತ್ತು ನಾಳೆ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವವರೂ ಇನ್‌ಸ್ಟಾಲರೂ ಒಂದೇ ಭಾಷೆ ಆಡುತ್ತಾರೆ. ಬರೆಯುವ ರೀತಿ:

ಇನ್‌ಸ್ಟ್.ರೆಪೊ=ಎನ್‌ಎಫ್‌ಎಸ್:ಎನ್‌ಎಫ್‌ಎಸ್‌ವರ್ಸ್=4:192.168.50.10:/ಎಸ್‌ಆರ್‌ವಿ/ಇನ್‌ಸ್ಟಾಲ್/ಅಲ್ಮಾ9

ಆಯ್ಕೆ ಸರ್ವರಿನ ವಿಳಾಸಕ್ಕಿಂತ ಮುಂಚೆ, ಕೋಲನ್‌ಗಳ ನಡುವೆ ಬರುತ್ತದೆ. ಕೊನೆಗೆ ಅಂಟಿಸಿದರೆ ಅದು ಫೋಲ್ಡರಿನ ಹೆಸರಿನ ಭಾಗವಾಗುತ್ತದೆ. ಕಿಕ್‌ಸ್ಟಾರ್ಟ್ ಫೈಲಿನೊಳಗೂ ಎನ್‌ಎಫ್‌ಎಸ್ ಸಾಲು ಇದ್ದರೆ ಅಲ್ಲಿ --ಆಪ್ಟ್ಸ್=ಎನ್‌ಎಫ್‌ಎಸ್‌ವರ್ಸ್=4 ಸೇರಿಸಿ ಎರಡೂ ಕಡೆ ಒಂದೇ ಇರಲಿ.

ಮೌಂಟ್ ಆಯಿತು, ಒಳಗೆ ಏನೂ ಇಲ್ಲ

4ನೇ ಆವೃತ್ತಿಯಲ್ಲಿ ಮೌಂಟ್ ಕ್ಷಣದಲ್ಲಿ ಆಯಿತು. ಎಲ್‌ಎಸ್ -ಎ ಕೊಟ್ಟರೆ ಒಂದು ಚುಕ್ಕಿ, ಎರಡು ಚುಕ್ಕಿ, ಅಷ್ಟೇ. ಫೋಲ್ಡರ್ ಖಾಲಿ. ಅದೇ ಹೊತ್ತಿಗೆ ಇನ್‌ಸ್ಟಾಲ್ ಸರ್ವರಿನಲ್ಲಿ ಕೂತು ನೋಡಿದರೆ ಅಲ್ಮಾ9 ಒಳಗೆ ಇಮೇಜಸ್, ಬೇಸ್‌ಒಎಸ್, ಆ್ಯಪ್‌ಸ್ಟ್ರೀಮ್ ಎಲ್ಲವೂ ಕಾಣುತ್ತವೆ.

ಈ ಪ್ರಕರಣದ ತಿರುಳು ಇಲ್ಲಿದೆ. ಹಳೆಯ ಯಂತ್ರದಲ್ಲಿ ಡಿವಿಡಿಯ ಫೈಲುಗಳನ್ನು ಡಿಸ್ಕಿಗೆ ನಕಲು ಮಾಡಿ ಇಟ್ಟಿದ್ದರು. ಹೊಸದರಲ್ಲಿ ಸುಮಾರು 10 ಜಿಬಿಯನ್ನು ಎರಡೆರಡು ಸಲ ಯಾಕೆ ಇಡಬೇಕೆಂದು ಐಎಸ್‌ಒ ಫೈಲನ್ನೇ (ಇಡೀ ಡಿವಿಡಿಯ ಪ್ರತಿ) ಲೂಪ್ ಮೂಲಕ, ಅಂದರೆ ಫೈಲನ್ನೇ ಡಿಸ್ಕಿನ ಹಾಗೆ ಬಳಸಿ, ಅಲ್ಮಾ9 ಫೋಲ್ಡರಿನ ಮೇಲೆ ಮೌಂಟ್ ಮಾಡಿದರು. ಏನನ್ನು ಹಂಚಬೇಕೆಂದು ಬರೆಯುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಮಾತ್ರ ಹಳೆಯ ಸಾಲೇ, ಮೇಲಿನ /ಎಸ್‌ಆರ್‌ವಿ/ಇನ್‌ಸ್ಟಾಲ್ ಒಂದೇ. ಎನ್‌ಎಫ್‌ಎಸ್ ಹಂಚುವುದು ಒಂದು ಫೈಲ್‌ಸಿಸ್ಟಮನ್ನು. ಅದರೊಳಗಿನ ಒಂದು ಫೋಲ್ಡರಿನ ಮೇಲೆ ಬೇರೆ ಫೈಲ್‌ಸಿಸ್ಟಮ್ ಕೂತಿದ್ದರೆ, ಹೇಳದ ಹೊರತು ಆ ಗಡಿ ದಾಟುವುದಿಲ್ಲ. ಕ್ಲೈಂಟಿಗೆ ಕಾಣುವುದು ಐಎಸ್‌ಒ ಕೂರುವ ಮುಂಚೆ ಅಲ್ಲಿದ್ದ ಬರಿಗೈ ಫೋಲ್ಡರ್. ಲ್ಯಾಪ್‌ಟಾಪಿನವರು ಅಲ್ಮಾ9 ಎಂಬ ಹೆಸರು ಕಂಡು ಹಿಂದಿರುಗಿದರು, ಇನ್ನೊಂದು ಹೆಜ್ಜೆ ಒಳಗಿಟ್ಟಿದ್ದರೆ ಅವರಿಗೂ ಇದೇ ಖಾಲಿತನ ಕಾಣುತ್ತಿತ್ತು.

ಫೈರ್‌ವಾಲನ್ನು ಸ್ವಲ್ಪ ಹೊತ್ತು ಸಡಿಲಿಸಿ 3ನೇ ಆವೃತ್ತಿಯಲ್ಲೂ ಪ್ರಯತ್ನಿಸಿದಾಗ ಇದೇ ದೋಷ ಬೇರೆ ಮುಖ ತೋರಿಸಿತು. ಅಲ್ಲಿ ಖಾಲಿ ಫೋಲ್ಡರ್ ಬರಲಿಲ್ಲ, "ಆ್ಯಕ್ಸೆಸ್ ಡಿನೈಡ್" ಬಂತು. ಮೌಂಟ್‌ಡಿ ದಾಖಲೆಯಲ್ಲಿ, ಕೇಳಿದ ಫೋಲ್ಡರ್ ಹತ್ತಿರದ ಫೈಲ್‌ಸಿಸ್ಟಮ್‌ಗಿಂತ ಕೆಳಗಿದೆ ಎಂಬರ್ಥದ ಸಾಲೊಂದು ಬಿದ್ದಿತ್ತು. ಆ ಸಾಲು ಕಂಡರೆ ಅನುಮತಿ, ಮಾಲೀಕತ್ವ ಎಂದು ಹುಡುಕಬೇಡಿ, ಗಡಿಯ ಸಮಸ್ಯೆ ಅದು.

ಸುಲಭದ ತೇಪೆ ಎಂದರೆ ಮೇಲಿನ ಸಾಲಿಗೆ ಗಡಿ ದಾಟಲು ಬಿಡುವ ಕ್ರಾಸ್‌ಎಂಎನ್‌ಟಿ ಆಯ್ಕೆ ಸೇರಿಸುವುದು. ಕೆಲಸ ಆಗುತ್ತದೆ. ಆದರೆ ಬಳ್ಳಾರಿಯಂಥ ಕಡೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಬೇಸಿಗೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಇನ್‌ಸ್ಟಾಲ್ ಸರ್ವರ್ ತಾನಾಗಿ ಮತ್ತೆ ಎದ್ದಾಗ ಐಎಸ್‌ಒ ಅದರ ಜಾಗಕ್ಕೆ ಬಂದು ಕೂರುತ್ತದೆಯೇ? ಇಲ್ಲಿ ಮೌಂಟ್ ಆದೇಶವನ್ನು ಕೈಯಾರೆ ಕೊಟ್ಟಿದ್ದರು, ಬೂಟ್ ಆದಾಗ ತಾನೇ ಮೌಂಟ್ ಆಗಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಸಾಲಿರಲಿಲ್ಲ. ಒಂದು ರೀಬೂಟ್ ಆದರೆ ಖಾಲಿ ಫೋಲ್ಡರ್ ಮತ್ತೆ ಹಂಚಿಕೆಯಾಗುತ್ತದೆ, ಪರದೆಯ ಮೇಲೆ ಮತ್ತೆ ಅದೇ "/ಡೆವ್/ರೂಟ್ ಇಲ್ಲ".

ಹಾಗಾಗಿ ಮಾಡಿದ್ದು ಹೀಗೆ. ಎಫ್‌ಎಸ್‌ಟ್ಯಾಬ್‌ಗೆ ಐಎಸ್‌ಒ ಫೈಲಿನ ಪೂರ್ತಿ ಹಾದಿ, ಮೌಂಟ್ ಆಗಬೇಕಾದ ಫೋಲ್ಡರ್, ಐಎಸ್‌ಒ9660 ಎಂಬ ಬಗೆ, ಲೂಪ್,ಆರ್‌ಒ ಎಂಬ ಆಯ್ಕೆ, ಕೊನೆಗೆ ಎರಡು ಸೊನ್ನೆ ಇರುವ ಸಾಲು. ಎಕ್ಸ್‌ಪೋರ್ಟ್ಸ್‌ನಲ್ಲಿ ಮೇಲಿನ ಫೋಲ್ಡರಿನ ಸಾಲನ್ನು ತೆಗೆದುಹಾಕಿ ಈ ಒಂದೇ ಸಾಲು:

/ಎಸ್‌ಆರ್‌ವಿ/ಇನ್‌ಸ್ಟಾಲ್/ಅಲ್ಮಾ9 192.168.50.0/24(ಆರ್‌ಒ,ಸಿಂಕ್,ಎಂಪಿ,ಎಫ್‌ಎಸ್‌ಐಡಿ=91)

ಎಂಪಿ ಎಂಬ ಚಿಕ್ಕ ಆಯ್ಕೆಯನ್ನು ಬಳಸುವವರು ಕಡಿಮೆ. ಆ ಫೋಲ್ಡರ್ ನಿಜವಾಗಿ ಮೌಂಟ್ ಆಗಿದ್ದರೆ ಮಾತ್ರ ಹಂಚು, ಇಲ್ಲದಿದ್ದರೆ ಹಂಚಲೇ ಬೇಡ ಎಂಬುದು ಅದರ ಕೆಲಸ. ಐಎಸ್‌ಒ ಇಲ್ಲದ ದಿನ ಇನ್‌ಸ್ಟಾಲರ್‌ಗೆ ಖಾಲಿ ಫೋಲ್ಡರಿನ ಬದಲು ನೇರ ನಿರಾಕರಣೆ ಸಿಗುತ್ತದೆ, ದೋಷ ಹುಡುಕುವವನಿಗೆ ಅದೇ ಉಪಕಾರ. ಆದರೆ ಮೇಲಿನ ಸಾಲನ್ನು ಉಳಿಸಿಕೊಂಡರೆ ಎಂಪಿ ಹಾಕಿಯೂ ವ್ಯರ್ಥ, ಖಾಲಿ ಫೋಲ್ಡರ್ ಮೇಲಿನ ಹಂಚಿಕೆಯ ಮೂಲಕ ಮತ್ತೆ ಕಾಣಿಸಿಕೊಳ್ಳುತ್ತದೆ. ಎಫ್‌ಎಸ್‌ಐಡಿ ಸಂಖ್ಯೆ ಸೊನ್ನೆ ಬಿಟ್ಟು ಯಾವುದಾದರೂ ಆಗಬಹುದು, ಬೇರೆ ಸಾಲಿನಲ್ಲಿ ಇರಬಾರದು ಅಷ್ಟೇ. ಲೂಪ್ ಡಿವೈಸಿನ ಸಂಖ್ಯೆ ಬದಲಾದರೂ ಹಂಚಿಕೆಯ ಗುರುತು ಬದಲಾಗದಿರಲಿ ಎಂದು ಅದು. ಕ್ಲೈಂಟಿನ ರೂಟ್‌ಗೆ (ಸರ್ವಾಧಿಕಾರಿ ಬಳಕೆದಾರನಿಗೆ) ಇಲ್ಲೂ ಅದೇ ಅಧಿಕಾರ ಕೊಡುವ ನೋ_ರೂಟ್_ಸ್ಕ್ವಾಶ್ ಬೇಕಿಲ್ಲ, ಡಿವಿಡಿಯ ಫೈಲುಗಳನ್ನು ಯಾರು ಬೇಕಾದರೂ ಓದಬಹುದು.

ವಿಳಾಸಕ್ಕೂ ಆವರಣ ಚಿಹ್ನೆಗೂ ನಡುವೆ ಜಾಗ ಬಿಡಬಾರದು. ಬಿಟ್ಟರೆ ಅದನ್ನು ಎರಡು ಬೇರೆ ನಮೂದುಗಳೆಂದು ಓದಲಾಗುತ್ತದೆ: 192.168.50.0/24ಕ್ಕೆ ಮೂಲ ಆಯ್ಕೆಗಳು, ಬರೆದ ಆಯ್ಕೆಗಳು ಜಗತ್ತಿಗೆಲ್ಲ. ಎಕ್ಸ್‌ಪೋರ್ಟ್ಸ್ ಫೈಲನ್ನು ಮತ್ತೆ ಓದಿಸುವ ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ ಕೊಟ್ಟ ಮೇಲೆ ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ ಕೊಡಿ, "ವರ್ಲ್ಡ್" ಎಂಬ ಪದ ಕಂಡರೆ ಆ ಜಾಗ ಎಲ್ಲೋ ಉಳಿದಿದೆ.

ನಕಲು ಮಾಡುವವರಿಗೆ

ಐಎಸ್‌ಒ ಗೊಡವೆಯೇ ಬೇಡ, ಹಳೆಯ ಹಾಗೆ ಡಿಸ್ಕಿಗೆ ನಕಲು ಮಾಡುತ್ತೇವೆ ಎನ್ನುವುದಾದರೆ ಅದೂ ಸರಿಯೇ. ಅಲ್ಲಿನ ಗುಂಡಿ ಬೇರೆ. ಸಿಪಿ -ಆರ್ ಜೊತೆ ನಕ್ಷತ್ರ ಚಿಹ್ನೆ ಹಾಕಿದರೆ ಚುಕ್ಕಿಯಿಂದ ಶುರುವಾಗುವ ಫೈಲುಗಳು ಬರುವುದಿಲ್ಲ, .ಟ್ರೀಇನ್ಫೊ ಹಿಂದೆ ಉಳಿಯುತ್ತದೆ. 8ನೇ ಆವೃತ್ತಿಯಿಂದ ಪ್ಯಾಕೇಜುಗಳು ಬೇಸ್‌ಒಎಸ್ ಮತ್ತು ಆ್ಯಪ್‌ಸ್ಟ್ರೀಮ್ ಎಂಬ ಎರಡು ಫೋಲ್ಡರುಗಳಲ್ಲಿ ಹಂಚಿಹೋಗಿವೆ, ಅವು ಎಲ್ಲಿವೆ ಎಂದು ಹೇಳುವುದು ಆ ಫೈಲೇ. ಅದಿಲ್ಲದಿದ್ದರೂ ಎರಡನೇ ಹಂತದ ಚಿತ್ರ ಸಿಗುತ್ತದೆ, ಇನ್‌ಸ್ಟಾಲರ್ ತೆರೆಯುತ್ತದೆ, ಸಾಫ್ಟ್‌ವೇರ್ ಮೂಲ ಸಿದ್ಧವಾಗಲಿಲ್ಲ ಎಂದು ಅಲ್ಲಿ ನಿಲ್ಲುತ್ತದೆ. ಜೊತೆಗೆ ಭದ್ರತೆಗೆಂದು ಯೂಮಾಸ್ಕ್ 077 (ಹೊಸ ಫೈಲು ಮಾಲೀಕನಿಗೆ ಮಾತ್ರ ಎಂಬ ಸೆಟ್ಟಿಂಗ್) ಇಟ್ಟ ಯಂತ್ರದಲ್ಲಿ ಹೀಗೆ ನಕಲಿಸಿದ ಫೋಲ್ಡರುಗಳನ್ನು ರೂಟ್ ಬಿಟ್ಟು ಬೇರೆಯವರು ಓದಲಾಗದು. ಎನ್‌ಎಫ್‌ಎಸ್ ಮೂಲಕ ಬರುವ ರೂಟ್ ಸರ್ವರಿನ ಪಾಲಿಗೆ ನೋಬಡಿ, ಅಂದರೆ ವಿಶೇಷ ಅಧಿಕಾರವಿಲ್ಲದ ಬಳಕೆದಾರ, ಅವನಿಗೆ ಬಾಗಿಲು ಹಾಕಿದಂತೆಯೇ. ಸಿಪಿ -ಎ ಬಳಸಿ, ಮೂಲದ ಹಾದಿಯ ಕೊನೆಗೆ /. ಹಾಕಿದರೆ ಎರಡೂ ತಕರಾರು ಇಲ್ಲ.

ಹನ್ನೆರಡನ್ನೂ ಓಡಿಸುವಾಗ

ತಿದ್ದುಪಡಿ ಮುಗಿದ ಮೇಲೆ ಇನ್‌ಸ್ಟಾಲ್ ಸರ್ವರನ್ನು ರೀಬೂಟ್ ಮಾಡಿ, ಅದರ ಮೇಲೆ ಏನನ್ನೂ ಟೈಪ್ ಮಾಡದೆ ಒಂದು ಸರ್ವರ್ ಇನ್‌ಸ್ಟಾಲ್ ಆಗುವುದನ್ನು ನೋಡಲಾಯಿತು. ಆಮೇಲೆ ನಾಲ್ಕು ನಾಲ್ಕಾಗಿ ಉಳಿದವು. ಒಂದು ಗಿಗಾಬಿಟ್ ಕೇಬಲಿನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸಿಗಿಂತ ಹೆಚ್ಚು ಹರಿಯದು, ಹನ್ನೆರಡನ್ನೂ ಒಟ್ಟಿಗೆ ಹಚ್ಚಿದರೆ ಕೆಲಸ ಬೇಗ ಮುಗಿಯುವ ಬದಲು ಟಿಎಫ್‌ಟಿಪಿ ಹಂತದಲ್ಲೇ ಒಂದೆರಡು ಕೈಬಿಡುವ ಸಂಭವ ಹೆಚ್ಚು. ಇನ್‌ಸ್ಟಾಲ್ ನಡೆಯುತ್ತಿರುವಾಗ ಎರಡನೇ ಹಂತದ ಚಿತ್ರ ಎನ್‌ಎಫ್‌ಎಸ್ ಮೇಲೆಯೇ ತೆರೆದಿರುತ್ತದೆ. ನಡುವೆ ಎನ್‌ಎಫ್‌ಎಸ್ ಸೇವೆ ನಿಲ್ಲಿಸಿದರೆ ಎಲ್ಲವೂ ಇದ್ದಲ್ಲೇ ಮರಗಟ್ಟುತ್ತವೆ. ಎಕ್ಸ್‌ಪೋರ್ಟ್ಸ್ ತಿದ್ದಿದಾಗ ಸೇವೆಯನ್ನು ರೀಸ್ಟಾರ್ಟ್ ಮಾಡುವ ಚಾಳಿ ಬಿಟ್ಟು ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ ಕೊಡಬೇಕಾದದ್ದು ಇದಕ್ಕೇ.

ಉಳಿದದ್ದು ಬೂಟ್ ಕ್ರಮ. ಈ ಕಿಕ್‌ಸ್ಟಾರ್ಟ್‌ನಲ್ಲಿ ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸುವ ಸಾಲಿದೆ, ಬಯೋಸ್‌ನಲ್ಲಿ ಪಿಎಕ್ಸ್‌ಇ ಮೊದಲು ಇದೆ. ಇನ್‌ಸ್ಟಾಲ್ ಆದ ಸರ್ವರ್ ರೀಬೂಟ್ ಆದಾಗ ಮತ್ತೆ ನೆಟ್‌ವರ್ಕಿಗೆ ಹೋಗಿ, ತನ್ನನ್ನೇ ಅಳಿಸಿಕೊಂಡು ಮೊದಲಿನಿಂದ ಶುರು ಮಾಡುತ್ತದೆ. ಪಿಎಕ್ಸ್‌ಲಿನಕ್ಸಿನ ಡೀಫಾಲ್ಟ್ ನಮೂದನ್ನು ಲೋಕಲ್‌ಬೂಟ್ 0 ಮಾಡಿ, ಇನ್‌ಸ್ಟಾಲ್ ನಮೂದನ್ನು ಆಯಾ ಸರ್ವರಿನ ಮ್ಯಾಕ್ ವಿಳಾಸದ ಹೆಸರಿರುವ ಫೈಲಿನಲ್ಲಿ ಮಾತ್ರ ಇಟ್ಟು, ಕೆಲಸ ಮುಗಿದ ಸರ್ವರಿನ ಫೈಲನ್ನು ಅಳಿಸುತ್ತಾ ಹೋಗಲಾಯಿತು. ಹೆಸರು 01- ಎಂದು ಶುರುವಾಗಬೇಕು, ಮ್ಯಾಕ್‌ನ ಅಕ್ಷರಗಳು ಸಣ್ಣವು, ನಡುವೆ ಕೋಲನ್ ಬದಲು ಅಡ್ಡಗೆರೆ.